ಒಣಮೀನು ದುರ್ಗಿ ಹೋಗುತ್ತಿದ್ದ ಊರುಗಳು

ಹೊಳೆಯ ನಡುಗಡ್ಡೆ ಮಾವಿನಕುರ್ವೆಯ ದುರ್ಗಿ ಬೆಳಿಗ್ಗೆ ದೋಣಿ ಹತ್ತಿ ಎಲ್ಲಿಗೆ ಹೋಗುತ್ತಾಳೆಂಬುದು ಅವಳ ಬಾಯಿಂದ ಯಾರಿಗೂ ತಿಳಿದದ್ದಿಲ್ಲ. ಕೇಳಿದವರಿಗೆ ಉತ್ತರವೇನೋ ಸಿಗುತ್ತಿತ್ತು. ಅದು ಸುಳ್ಳಾಗಿರುತ್ತಿತ್ತು, ಅಷ್ಟೆ. ಭಟ್ಕಳಕ್ಕೆ ಹೋಗುವ ದಿನ ಕುಮಟೆ ಅನ್ನುವಳು, ಕುಮಟೆಗೆ ಹೋಗುವ ದಿನ ಇಡಗುಂಜಿ ಅನ್ನುವಳು. ಒಣಮೀನಿನ ಬುಟ್ಟಿ ಹೊತ್ತು ಗಣಪತಿಯ ದರ್ಶನಕ್ಕೆ ಹೋಗುವವರುಂಟೇ ಎಂದು ಎದುರಿಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳ ನಾಲಿಗೆಗೆ ಇಡೀ ಕುರ್ವೆಯೇ ಹೆದರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಹಿಡಿದ ಕಸುಬು ಇದು. ಮನೆಮನೆಯ ಒಣಮೀನನ್ನು ಒಟ್ಟುಮಾಡಿ, ಮಾದರಿಗೆಂದು ಒಂದು ಬುಟ್ಟಿ ಹೊತ್ತುಕೊಂಡು ಹೋಗಿ ದೊಡ್ಡ ವ್ಯಾಪಾರಿಗಳಿಗೆ ತೋರಿಸಿ, ಮಾತು ಕುದುರಿದರೆ ಮಾಲು ಕಳಿಸುವುದು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲು ಉರಿಸಿಕೊಂಡು ಕೆಮ್ಮುತ್ತ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಬಂದು ಕೂರುತ್ತಾರೋ ಗೊತ್ತಿಲ್ಲ. ಒಂಟಿ ಹೆಂಗಸನ್ನು ಕಂಡರೆ ಕೆಲವರಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕುತ್ತದೆ. ದುರ್ಗಿಗೆ ಆ ಕರುಣೆಯ ಮೇಲೇ ಹೆಚ್ಚು ಗುಮಾನಿ. ಹಾಗಾಗಿ ಅವಳು ಯಾರ ಕೈಯ ಎಲೆಯಡಿಕೆಯ ಕವಳವನ್ನೂ ಹಾಕುತ್ತಿರಲಿಲ್ಲ, ವ್ಯಾಪಾರವನ್ನು ಜಗುಲಿಯ ಮೇಲೇ ಮುಗಿಸುತ್ತಿದ್ದಳು, ಹೊಸಿಲು ದಾಟುತ್ತಿರಲಿಲ್ಲ. ಯಾರಾದರೂ ಹತ್ತಿರ ಸರಿದರೆ, “ಅಣ್ಣ ಹಿಂದಿಂದ ಬತ್ತಾ ಇದ್ದ” ಅನ್ನುತ್ತಿದ್ದಳು. ಅವಳಿಗೆ ಅಣ್ಣನೇ ಇರಲಿಲ್ಲ.

ಆ ದಿನ ಹೊನ್ನಾವರದ ದಡದಲ್ಲಿ ದೋಣಿ ಇಳಿಯುವಾಗ ನೆರೆಮನೆಯ ಹೊನ್ನಿ ಎಂದಿನಂತೆ ಕೇಳಿದಳು. ಅವಳದೂ ಒಣಮೀನಿನ ವ್ಯಾಪಾರವೇ.

“ಎಲ್ಲಿಗೆ ಹೋತ್ಯೆ ದುರ್ಗಿ?”

“ಕುಮಟೆಗೆ.”

“ಕುಮಟೆಲಿ ಯಾರ ಅಂಗಡಿಗೆ?”

“ನಿಂಗೆ ಎಂತಕ್ಕೆ ಅದು?”

ಹೊನ್ನಿ ಬುಟ್ಟಿ ಹೊತ್ತು ಪೇಟೆಯತ್ತ ಹೊರಟಳು. ದುರ್ಗಿ, ನನ್ನ ಗಿರಾಕಿಯನ್ನು ಹಾರಿಸುವ ಹುನ್ನಾರ ಇದು, ಇಲ್ಲದಿದ್ದರೆ ದಿನಾ ಇದನ್ನೇ ಯಾಕೆ ಕೇಳುತ್ತಾಳೆ ಎಂದುಕೊಂಡಳು. ಹೊನ್ನಿಯ ಬೆನ್ನು ಪೇಟೆಯ ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಇನ್ನೊಂದು ದೋಣಿ ಹಿಡಿದು ಹೊಳೆಯಾಚೆಯ ಕಾಸರಕೋಡಿನ ದಡ ಸೇರಿ, ಭಟ್ಕಳದ ಬಸ್ಸು ಹತ್ತಿದಳು.

ಭಟ್ಕಳದ ರಮಾನಂದ ಸಾಹುಕಾರ ದೇವರು ದಿಂಡರೆಂದರೆ ಕೈಬಿಚ್ಚಿ ಕೊಡುವ ಮನುಷ್ಯ. ಒಂದು ವರ್ಷದಿಂದ ದುರ್ಗಿಯ ಮಾಲು ಕೊಳ್ಳುತ್ತಿದ್ದ. ‘ತಂಗಿ’ ಎಂದೇ ಕರೆಯುತ್ತಿದ್ದ. ಅಂದು ಮಾದರಿಯನ್ನು ಮುಟ್ಟಿಯೂ ನೋಡದೆ ಮುಖ ಸಿಂಡರಿಸಿದ.

“ಹೋದ ಸಲದ ಮಾಲಿಗೆ ಹುಳ ಬಿದ್ದದೆ ತಂಗಿ. ಒಳಗೆ ಬಂದು ನೀನೇ ನೋಡು.”

ತನ್ನ ಮೀನಿಗೆ ಹುಳ! ದುರ್ಗಿಗೆ ಎದೆಗೆ ಚುಚ್ಚಿದಂತಾಯಿತು. ಆದರೂ ಹೊಸಿಲು ದಾಟಲಿಲ್ಲ.

“ಅಣ್ಣ ಬರ್ಲಿ. ಇಬ್ರೂ ಒಟ್ಟಿಗೆ ನೋಡ್ತೊ.”

ಸಾಹುಕಾರ ನಕ್ಕ. “ಅಂವ ಬರೂಕೆ ಹೊರಟು ವರ್ಷ ಆತಲ್ಲೆ ತಂಗಿ!”

ಊರಿಗೊಂದು ಸುಳ್ಳು ಹೇಳುತ್ತಿದ್ದವಳು ಈ ಒಂದನ್ನು ಮಾತ್ರ ಬದಲಿಸದೆ ಉಳಿಸಿಕೊಂಡಿದ್ದಳು. ಸಿಕ್ಕಿಬಿದ್ದ ನಾಚಿಕೆಗೆ ಮುಖ ಬಿಸಿಯಾಯಿತು. ಆ ನಾಚಿಕೆಯಲ್ಲೇ, ಏನೂ ಆಗದವಳ ಹಾಗೆ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು ಒಳಗೆ ಕಾಲಿಟ್ಟಳು.

ಉಗ್ರಾಣದಲ್ಲಿ ಉಪ್ಪಿನ ರಾಶಿ, ಗೋಣಿಚೀಲ, ಅರೆಗತ್ತಲು. ಬುಟ್ಟಿ ಕೆಳಗಿಟ್ಟು, ಬಗ್ಗಿ ಮೀನು ಮುಟ್ಟಿ ನೋಡಿದಳು. ಗರಿಗರಿ ಒಣಗಿತ್ತು, ಒಂದು ಹುಳವಿರಲಿಲ್ಲ. ಹಿಂದೆ ಬಾಗಿಲಿನ ಅಗುಳಿ ಸರಿದ ಸದ್ದಾಯಿತು.

“ಇಲ್ಲಿಗೆ ಬಂದದ್ದು ಯಾರಿಗೆ ಗುತ್ತದೆ?” ಎಂದ ಸಾಹುಕಾರ, ಪೇಟೆಯ ಸುದ್ದಿ ಕೇಳುವ ದನಿಯಲ್ಲಿ.

ಯಾರಿಗೂ ಗೊತ್ತಿಲ್ಲ. ಸಂಜೆಯ ದೋಣಿಗೆ ತಾನು ಬಾರದಿದ್ದರೆ ಹೊನ್ನಿ ಕುಮಟೆ ಅನ್ನುತ್ತಾಳೆ. ಕುರ್ವೆಯ ಗಂಡಸರು ಕುಮಟೆಯ ಒಂದೊಂದು ಅಂಗಡಿಯನ್ನೂ ಜಾಲಾಡಿ ಬರಿಗೈಯಲ್ಲಿ ಮರಳುತ್ತಾರೆ. ದುರ್ಗಿ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಆದರೆ ಬಗ್ಗಿದವಳ ಕೈಗೆ ಪಕ್ಕದ ಉಪ್ಪಿನ ರಾಶಿ ಎಟುಕುತ್ತಿತ್ತು. ಸಾಹುಕಾರ ಹೆಗಲಿಗೆ ಕೈ ಹಾಕಿದ್ದೇ ತಡ, ಎರಡೂ ಮುಷ್ಟಿ ಉಪ್ಪನ್ನು ಅವನ ಕಣ್ಣಿಗೆ ಎರಚಿದಳು. ಅವನು ಅಯ್ಯಯ್ಯೋ ಎಂದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅಗುಳಿ ತೆಗೆದು ಬೀದಿಗೆ ಬಿದ್ದಳು. ಬುಟ್ಟಿ ಅಲ್ಲೇ ಉಳಿಯಿತು.

ಸಂಜೆಯ ದೋಣಿಯಲ್ಲಿ ಹೊನ್ನಿ ಅವಳ ಪಕ್ಕದಲ್ಲೇ ಕೂತಳು.

“ಬುಟ್ಟಿ ಎಲ್ಲಿ? ಕುಮಟೆಲಿ ಬಿಟ್ಟು ಬಂದ್ಯ?”

“ಭಟ್ಕಳದಲ್ಲಿ” ಎಂದಳು ದುರ್ಗಿ. “ರಮಾನಂದ ಸಾವ್ಕಾರನ ಉಗ್ರಾಣದಲ್ಲಿ.”

ಹೊನ್ನಿ ಸುತ್ತ ಕೂತವರತ್ತ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಪಿಸುಗುಟ್ಟಿದಳು.

“ನನ್ನೂ ಅಲ್ಲಿಗೆ ಕರ್ದಿದ್ದ ಅಂವ. ಬಾಯಿಬಿಟ್ಟು ಹೇಳೂಕೆ ಮರ್ಯಾದಿ ಬಿಡ್ಲಿಲ್ಲ. ಭಟ್ಕಳಕ್ಕೆ ಹೊರಟವ್ರು ಸಿಕ್ರೆ ಹೆಂಗಾದ್ರೂ ಮಾಡಿ ತಡೀಬೇಕು ಹೇಳಿ ದಿನಾ ಕೇಳ್ತಿದ್ದೆ. ನೀ ಒಂದಿನನೂ ಭಟ್ಕಳ ಅನ್ಲಿಲ್ಲ.”

ದುರ್ಗಿಗೆ ಅಳು ಒತ್ತರಿಸಿಕೊಂಡು ಬಂತು. ಅಳಲಿಲ್ಲ. ದೋಣಿಯ ನಡುವೆ ಎದ್ದು ನಿಂತು, ಊರೇ ಹೆದರುವ ಆ ದನಿಯಲ್ಲಿ, ಸಾಹುಕಾರನ ಹೆಸರು ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಹೊನ್ನಿಯ ಹೆಸರು ಮಾತ್ರ ಎತ್ತಲಿಲ್ಲ. ದೋಣಿ ನಡೆಸುವವನು ಹುಟ್ಟು ಹಾಕುವುದನ್ನೇ ಮರೆತ.

ತುದಿಯಲ್ಲಿ ಕೂತಿದ್ದ ಗಂಗಿ, ಮೊನ್ನೆಯಷ್ಟೇ ವ್ಯಾಪಾರ ಶುರುಮಾಡಿದ ಹುಡುಗಿ, ಮಡಿಲಲ್ಲಿದ್ದ ಹೊಸ ಬುಟ್ಟಿಯನ್ನು ಕೆಳಗಿಟ್ಟಳು.

“ನಾಳೆ ಬಾ ಹೇಳಿದ್ದ ಅಂವ ನಂಗೆ” ಎಂದಳು.