ಟವಲಿನ ಕೆಳಗಿನ ತುತ್ತು

ಹುಮನಾಬಾದದ ದನದ ಸಂತೆಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದ ಮಹಾರುದ್ರಪ್ಪನಿಗೆ ಒಪ್ಪಿಸಲಾಗದ ಗಿರಾಕಿ ಅಂತ ಒಬ್ಬನೂ ಇರಲಿಲ್ಲ. ಎತ್ತು ಮಾರುವುದೇ ಇಲ್ಲ ಎಂದು ಹಗ್ಗ ಬಿಗಿಹಿಡಿದು ಕೂತ ನಿರ್ಣಾ ಊರಿನ ರೈತ ಕೂಡ ಸಂಜೆಯೊಳಗೆ ಆ ಹಗ್ಗವನ್ನು ಇನ್ನೊಬ್ಬರ ಕೈಗಿಟ್ಟು, ನಗುತ್ತ ಊರ ದಾರಿ ಹಿಡಿಯುತ್ತಿದ್ದ. ಅಂಥ ಮನುಷ್ಯ ೧೯೭೪ರ ಚಳಿಗಾಲದಲ್ಲಿ ಎರಡೂವರೆ ವರ್ಷದ ಒಬ್ಬ ಹೆಣ್ಣುಮಗಳ ಮುಂದೆ ಸೋತು ಸುಣ್ಣವಾದ.

ಅವಳು ಮೊಮ್ಮಗಳು ಗಯಾ. ಮಗಳು ಸುಮನಬಾಯಿ ಎರಡನೆಯ ಬಾಣಂತನಕ್ಕೆ ಬಸವಕಲ್ಯಾಣದಿಂದ ತವರಿಗೆ ಬಂದಾಗ ಅವ್ವನ ಸೆರಗು ಹಿಡಿದು ಬಂದವಳು. ಮುತ್ತಜ್ಜಿಯ ಹೆಸರಿಟ್ಟಿದ್ದರು, ಗತ್ತೂ ಮುತ್ತಜ್ಜಿಯದೇ. ಚುರುಮುರಿ ಮತ್ತು ಸಕ್ಕರೆ, ಇವೆರಡನ್ನು ಬಿಟ್ಟು ಜಗತ್ತಿನಲ್ಲಿ ತಿನ್ನುವ ವಸ್ತು ಇದೆ ಎಂಬುದನ್ನೇ ಅವಳು ಒಪ್ಪುತ್ತಿರಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ತಂದರೆ ಮುಖ ಗೋಡೆಗೆ. ತುಪ್ಪ ಹಾಕಿದ ಬೇಳೆ ತಂದರೆ ತುಟಿಗೆ ಬೀಗ. ಅಜ್ಜಿ ಸರುಬಾಯಿ ಕಾಗೆ ತೋರಿಸಿದಳು, ಗುಬ್ಬಿ ತೋರಿಸಿದಳು, ಗುಮ್ಮನನ್ನು ಕರೆದಳು. ಗಯಾ ಕಾಗೆಯನ್ನೂ ಗುಬ್ಬಿಯನ್ನೂ ಚೆನ್ನಾಗಿ ನೋಡಿ, ಗುಮ್ಮನಿಗಾಗಿ ಸ್ವಲ್ಪ ಕಾದು, ಬಾಯಿ ಮಾತ್ರ ತೆರೆಯಲಿಲ್ಲ.

ಸರಕಾರಿ ದವಾಖಾನೆಯ ನರ್ಸ್ ಕರೀಮಾ ಅವಳನ್ನು ತೂಗುವ ಜೋಳಿಗೆಯಲ್ಲಿ ಕೂರಿಸಿ, ಮುಳ್ಳು ನೋಡಿ, ಮುಖ ಸಣ್ಣದು ಮಾಡಿಕೊಂಡಳು.

"ಎಂಟೇ ಕಿಲೊ ಅದಾಳ್ರಿ ಕಾಕಾ. ಹನ್ನೊಂದರ ಮ್ಯಾಲ ಇರಬೇಕಿತ್ತು. ಬ್ಯಾಳಿ, ಹಾಲು, ತಪ್ಪಲ ಪಲ್ಯ ಹೊಟ್ಟಿಗಿ ಹೋಗ್ಲೇಬೇಕು. ಎರಡು ತಿಂಗಳಾಗ ಒಂಬತ್ತು ಆಗಲಿಲ್ಲಂದ್ರ ಗುಲಬರ್ಗಾದ ದೊಡ್ಡ ದವಾಖಾನಿಗಿ ಚೀಟಿ ಬರೀತೀನಿ. ಅಲ್ಲೇ ಇಟ್ಕೋತಾರ."

ಅಷ್ಟು ಹೊತ್ತಿಗೆ ಸುಮನಬಾಯಿ ಹೆತ್ತು ಹನ್ನೆರಡು ದಿನ. ಹಸಿಗೂಸನ್ನು ಬಿಟ್ಟು ಗುಲಬರ್ಗಾಕ್ಕೆ ಹೋಗುವಂತಿಲ್ಲ, ಗಯಾಳನ್ನು ಅವ್ವನಿಲ್ಲದೆ ಕಳಿಸುವಂತಿಲ್ಲ. ಸುದ್ದಿ ಕೇಳಿ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಊರವರ ಎತ್ತುಗಳ ಹಲ್ಲು ಎಣಿಸಿ ವಯಸ್ಸು ಹೇಳುವ ತಾನು ಈ ಹಾಲುಹಲ್ಲುಗಳ ನಡುವೆ ಒಂದು ತುತ್ತು ತೂರಿಸಲಾರೆನಲ್ಲ ಎಂದು ಮಹಾರುದ್ರಪ್ಪನಿಗೆ ನಾಚಿಕೆಯಾಯಿತು.

ಬಾಯಿ ತೆರೆಸುವ ಉಪಾಯ ಹೊಳೆದದ್ದು ಅವನಿಗಲ್ಲ, ಗಯಾಳಿಗೇ.

ಒಂದು ಬೆಳಗ್ಗೆ ಜೊತೆ ದಲ್ಲಾಳಿ ಅಬ್ದುಲ್ ಕರೀಂ ಒಂದು ಎಮ್ಮೆಯ ವ್ಯವಹಾರಕ್ಕೆ ಮನೆಗೇ ಬಂದಿದ್ದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈ ಮೇಲೆ ಟವಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುವುದು. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ನೂರೋ ಸಾವಿರವೋ, ಅದು ಹಿಡಿದವರಿಗೆ ಗೊತ್ತು, ನಿಂತು ನೋಡುವವರಿಗೆ ಟವಲು ಅಲುಗಾಡುವುದಷ್ಟೇ ಕಾಣುತ್ತದೆ. ಕಟ್ಟೆಯ ಮೇಲೆ ಆ ಟವಲು ಅಲುಗಾಡುವುದನ್ನು ಗಯಾ ಕಣ್ಣು ಪಿಳುಕಿಸದೆ ನೋಡಿದಳು. ಸೌದಾ ಮುಗಿದು ಕರೀಂ ಕೈ ತೆಗೆದದ್ದೇ ತಡ, ತನ್ನ ಪುಟ್ಟ ಕೈಯನ್ನು ಟವಲಿನ ಕೆಳಗೆ ತೂರಿಸಿದಳು.

ಪಕ್ಕದಲ್ಲಿ ಅವಳು ಮುಟ್ಟದೆ ಬಿಟ್ಟ ಹಾಲು-ರೊಟ್ಟಿಯ ಬಟ್ಟಲಿತ್ತು. ಮಹಾರುದ್ರಪ್ಪ ಅದನ್ನು ಹತ್ತಿರ ಎಳೆದುಕೊಂಡ. ಅವನು ಸಂತೆಯ ದನಿಯಲ್ಲೇ ಕೇಳಿದ:

"ಹೇಳ್ರಿ ಗಯಾಬಾಯಿ, ಎಷ್ಟ ತುತ್ತಿಗಿ ಮುಗಸೂಣು?"

ಅವನು ಮೂರು ಬೆರಳು ಮುಂದೆ ಮಾಡಿದ. ಅವಳು ಎರಡನ್ನು ದೂಡಿ ಕಿರುಬೆರಳೊಂದನ್ನೇ ಹಿಡಿದಳು.

"ಭಾಳ ಕಡಿಮಿ ಆತ್ರಿ. ಅಸಲೂ ಬರಂಗಿಲ್ಲ ನನಗ!"

ಗಯಾ ಯೋಚಿಸಿದಳು. ಇನ್ನೊಂದು ಬೆರಳು ಸೇರಿಸಿದಳು. "ಆತು, ಸೌದಾ ಪಕ್ಕಾ!" ಎಂದು ಅಬ್ದುಲ್ ಕರೀಂ ಸಾಕ್ಷಿ ಹೇಳಿದ. ಕೂಡಲೇ ಆ ಮಹಾತಾಯಿ ಬಾಯಿ ತೆರೆದು ಎರಡು ತುತ್ತು ಹಾಲು-ರೊಟ್ಟಿ ನುಂಗಿದಳು! ಒಳಗಿಂದ ಸರುಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಾಣಂತಿ ಏಳಬಾರದು ಅಂತ ಹೇಳಿದ್ದರೂ ಸುಮನಬಾಯಿ ಬಾಗಿಲವರೆಗೆ ಬಂದು, "ಉಂಡ್ಳಾ? ಖರೇನಾ ಉಂಡ್ಳಾ?" ಎಂದು ಮೂರು ಸಲ ಕೇಳಿದಳು.

ಅಂದಿನಿಂದ ಆ ಮನೆಯಲ್ಲಿ ದಿನಕ್ಕೆ ನಾಕು ಸಂತೆ. ಬೆಳಗ್ಗೆ ಹಾಲು-ರೊಟ್ಟಿಗೆ ಒಂದು, ಮಧ್ಯಾಹ್ನ ಬೇಳೆಗೆ ಒಂದು, ಹಗಲಿಳಿದ ಮೇಲೆ ಶೇಂಗಾ-ಬೆಲ್ಲಕ್ಕೆ ಒಂದು, ರಾತ್ರಿ ನುಚ್ಚು-ಮಜ್ಜಿಗೆಗೆ ಒಂದು. ಗಯಾಳಿಗೆ ಎಣಿಕೆ ಬರುತ್ತಿರಲಿಲ್ಲ, ಬೆರಳು ಬರುತ್ತಿತ್ತು. ಹಿಡಿದಷ್ಟು ಉಣ್ಣುತ್ತಿದ್ದಳು, ಒಂದು ಕಡಿಮೆ ಇಲ್ಲ, ಒಂದು ಹೆಚ್ಚಿಲ್ಲ. ಎರಡು ಮೂರಾಯಿತು. ಮೂರರ ಮೇಲೆ ಮಾತ್ರ ಏನು ಮಾಡಿದರೂ ಏರಲಿಲ್ಲ. ತಪ್ಪಲಿನ, ಅಂದರೆ ಸೊಪ್ಪಿನ ಪಲ್ಯವಂತೂ ಟವಲಿನ ಹತ್ತಿರ ತಂದರೆ ಕೈಯನ್ನೇ ಹಿಂದಕ್ಕೆ ಎಳೆಯುತ್ತಿದ್ದಳು.

ಆಗ ಮಹಾರುದ್ರಪ್ಪ ಒಂದು ಕೆಟ್ಟ ಕೆಲಸ ಮಾಡಿದ. ಆಸೆ ಯಾರನ್ನು ಬಿಟ್ಟಿದೆ? ಒಂದು ಮಧ್ಯಾಹ್ನ ಮೂರು ತುತ್ತು ಮುಗಿದ ಮೇಲೆ, ಅವಳು ನಗುತ್ತಿದ್ದ ಹೊತ್ತು ನೋಡಿ, "ಇದು ದಲಾಲಿ!" ಎಂದು ನಾಕನೆಯದನ್ನು ಬಾಯಿಗೆ ತುರುಕಿಬಿಟ್ಟ.

ಗಯಾ ಅಳಲಿಲ್ಲ. ತುತ್ತನ್ನು ಅಂಗೈಗೆ ಉಗಿದು, ಅವನ ತಾಟಿನಲ್ಲಿಟ್ಟು, ಎದ್ದು ಹೋದಳು. ಮಾರನೆಯ ದಿನ ಟವಲು ಹಿಡಿದು ಅಜ್ಜ, ಅವಳ ಬಾಯಲ್ಲಿ ಮುತ್ಯಾ, ಅಂಗಳವೆಲ್ಲ ಅವಳ ಹಿಂದೆ ಸುತ್ತಿದ, ಅವಳು ಕೈ ಕೊಡಲಿಲ್ಲ. ಎರಡು ದಿನ ನೀರು ಮತ್ತು ಒಂದು ಹಿಡಿ ಚುರುಮುರಿ. ಕರೀಮಾ ಹೇಳಿದ ಗಡುವಿಗೆ ಹದಿನೈದು ದಿನವೂ ಉಳಿದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಇವನೇ ಎಷ್ಟು ಮಂದಿಗೆ ಹೇಳಿದ್ದನೋ!

ಅಬ್ದುಲ್ ಕರೀಂನನ್ನು ಕರೆಸಿದರು. ಅವನು ಕಟ್ಟೆಯ ಮೇಲೆ ಕೂತು, ಕತೆ ಕೇಳಿ, ಗೆಳೆಯನಿಗೆ ಚೆನ್ನಾಗಿ ಉಗಿದ.

"ಟವಲಿನಾಗ ಹಿಡದ ಮಾತು ಮುರದೀರಿ ರುದ್ರಪ್ಪಣ್ಣ! ಸಂತ್ಯಾಗ ಮಾಡಿದ್ರ ನಿಮ್ಮನ್ನ ಯಾರರೆ ಹತ್ರ ಕರೀತಿದ್ರೇನು? ದಂಡ ಕೊಡ್ರಿ. ಎದುರಿನವರು ಏನ ಕೇಳ್ತಾರ ಅದ."

ದಂಡ ಏನು ಅಂತ ಗಯಾಳನ್ನು ಕೇಳಿದರು. ಅವಳು ಸುತ್ತ ನೋಡಿದಳು. ಮುತ್ಯಾನ ತಾಟಿನ ಅಂಚಿಗೆ, ಎಂದಿನಂತೆ ಅವನು ಸರಿಸಿಟ್ಟ ಮೆಂತ್ಯೆ ಪಲ್ಯವಿತ್ತು. ದನ ತಿನ್ನುವುದನ್ನು ತಾನೇಕೆ ತಿನ್ನಲಿ ಎಂದು ಮಹಾರುದ್ರಪ್ಪ ಹುಟ್ಟಿದಾಗಿನಿಂದ ಸೊಪ್ಪು ಮುಟ್ಟಿದವನಲ್ಲ, ಸರುಬಾಯಿ ನಲವತ್ತು ವರ್ಷ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಗಯಾ ಅದಕ್ಕೆ ಬೆರಳು ಮಾಡಿದಳು.

"ಮುತ್ಯಾ ಉಣ್ಲಿ."

ಸರುಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಹಾರುದ್ರಪ್ಪ ಕಣ್ಣು ಮುಚ್ಚಿ ಒಂದು ತುತ್ತು ನುಂಗಿದ. ಕಹಿ! ಇನ್ನೊಂದು ನುಂಗಿದ. ಅವನ ಮುಖ ಹಿಂಡುವುದನ್ನು ಗಯಾ ಬಹಳ ಸಂತೋಷದಿಂದ ನೋಡಿದಳು. ಮೂರನೆಯದಕ್ಕೆ ಹತ್ತಿರ ಬಂದು ಕೂತಳು. ನಾಕನೆಯ ತುತ್ತನ್ನು ಅವನ ಕೈಯಿಂದ ತಾನೇ ಕಸಿದು, ಬಾಯಿಗೆ ಹಾಕಿಕೊಂಡು, ಅವನ ಹಾಗೆಯೇ ಮುಖ ಹಿಂಡಿದಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಹೊಸ ಕರಾರು: ಅವಳು ಎಷ್ಟೋ ಅವನೂ ಅಷ್ಟೇ, ಸೊಪ್ಪಾದರೂ ಸರಿ, ಬೇಳೆಯಾದರೂ ಸರಿ.

ಗಡುವಿನ ದಿನ ಮಹಾರುದ್ರಪ್ಪ, ಸರುಬಾಯಿ ಇಬ್ಬರೂ ಅವಳನ್ನು ಎತ್ತಿಕೊಂಡು ದವಾಖಾನೆಗೆ ಹೋದರು. ಜೋಳಿಗೆ ತೂಗಾಡಿ ನಿಂತಿತು. ಮುಳ್ಳು ಎಂಟೂಮುಕ್ಕಾಲಿಗೆ ನಿಂತಿತು.

"ಏರ್ಯಾಳ್ರಿ ಕಾಕಾ, ಆದ್ರ ಒಂಬತ್ತಿಲ್ಲ," ಅಂದಳು ಕರೀಮಾ. ಅವಳ ದನಿಯಲ್ಲೂ ಸಂಕಟವಿತ್ತು. "ನಾ ಚೀಟಿ ಬರದು ಕೊಡ್ತೀನಿ. ಜೋಪಾನ."

ಚೀಟಿಯನ್ನು ಅಂಗಿಯ ಜೇಬಿಗಿಟ್ಟು ಮಹಾರುದ್ರಪ್ಪ ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತ. ಕಾಲು ಕಿಲೊ! ಒಂದು ಬಟ್ಟಲು ಹೆಸರುಬೇಳೆಯ ತೂಕಕ್ಕೆ ಸೋತೆನಲ್ಲ ಎಂದು ಅವನಿಗೆ ಅಳುವೇ ಬಂತು. ಸುಮನಬಾಯಿಗೆ ಏನು ಹೇಳುವುದು? ಸರುಬಾಯಿ ಬುತ್ತಿ ಬಿಚ್ಚಿದಳು, ಬೇಳೆ-ಮೆಂತ್ಯೆ ಕಲೆಸಿದ ಮೆತ್ತನೆಯ ರೊಟ್ಟಿ. ಅವನು ಟವಲು ಮುಟ್ಟಲಿಲ್ಲ. ಯಾವ ಮುಖವಿಟ್ಟುಕೊಂಡು ವ್ಯಾಪಾರ ಮಾಡುವುದು?

ಹೆಗಲ ಮೇಲಿನ ಟವಲನ್ನು ಯಾರೋ ಎಳೆದರು.

ಗಯಾ ಅದನ್ನು ಅವನ ಕೈ ಮೇಲೆ ಹೊದಿಸಿದಳು. ತಾನೂ ಕೈ ತೂರಿಸಿದಳು. ಪುಟ್ಟ ಬೆರಳುಗಳು ಅವನ ಕಿರುಬೆರಳು ಹಿಡಿದವು, ಮುಂದೆ ಸರಿದವು, ಇನ್ನೊಂದು, ಮತ್ತೊಂದು. ಅಷ್ಟೂ ಬೆರಳು ಮುಷ್ಟಿಗೆ ಹಿಡಿಸದೆ ಇನ್ನೊಂದು ಕೈಯನ್ನೂ ಒಳಗೆ ತಂದಳು. ಐದು!

"ನಾಕಕ್ಕ ಬಿಡ್ರಿ," ಅಂದುಬಿಟ್ಟ ಮಹಾರುದ್ರಪ್ಪ. ಮೂವತ್ತು ವರ್ಷದ ಚಟ, ನಾಲಿಗೆಗೆ ಬುದ್ಧಿ ಎಲ್ಲಿಂದ ಬರಬೇಕು?

"ಹುಚ್ಚ ಹಿಡದದೇನ್ರಿ ನಿಮಗ!" ಎಂದು ಸರುಬಾಯಿ ಅವನ ಬೆನ್ನಿಗೆ ಗುದ್ದಿದಳು.

"ಐದು! ಐದ್ರೀ ಗಯಾಬಾಯಿ! ನೀವು ಹೇಳಿದ್ದೇ ಖರೆ!"

ಅವನು ಕೂಗಿದ ಕೂಗಿಗೆ ದವಾಖಾನೆಯ ಸಾಲಿನಲ್ಲಿ ನಿಂತ ಮಂದಿಯೆಲ್ಲ ತಿರುಗಿ ನೋಡಿದರು. ಕರೀಮಾ ಬಾಗಿಲಿಗೆ ಬಂದಳು. ಗಯಾ ಒಂದೊಂದೇ ತುತ್ತನ್ನು ಮುತ್ಯಾನಿಗೂ ತನಗೂ ಸಮ ಸಮ ಹಂಚಿ ಉಣ್ಣುವುದನ್ನು ಅಲ್ಲೇ ನಿಂತು ನೋಡಿದಳು. ಐದನೆಯದು ಇಳಿದ ಮೇಲೆ ಕರೀಮಾ ಬಳಿಗೆ ಬಂದು ಕೈ ಚಾಚಿದಳು.

"ಆ ಚೀಟಿ ಇಲ್ಲಿ ಕೊಡ್ರಿ ಕಾಕಾ. ತಾನಾಗೇ ಕೇಳಿ ಉಣ್ಣೂ ಕೂಸಿಗಿ ಗುಲಬರ್ಗಾ ಯಾಕ? ಎಂಟು ದಿನ ಬಿಟ್ಟು ಕರಕೊಂಡು ಬರ್ರಿ."

ಅವಳು ಚೀಟಿಯನ್ನು ಎರಡಾಗಿ ಹರಿದಳು. ಮಹಾರುದ್ರಪ್ಪನಿಗೆ ಕೈ ಮುಗಿಯಬೇಕೆನಿಸಿತು, ಆದರೆ ಮುಗಿಯಲು ಕೈ ಖಾಲಿ ಇರಲಿಲ್ಲ. ಬಾಯಿ ಒರೆಸಿಕೊಂಡ ಗಯಾ ಆಗಲೇ ಟವಲಿನ ಕೆಳಗೆ ಮತ್ತೆ ಕೈ ಹಾಕಿದ್ದಳು. ಈ ಸಲ ಅವನು ಚೌಕಾಸಿ ಮಾಡಲಿಲ್ಲ.