ಸುಬೇದಾರರು ಎತ್ತಿದ ಗ್ಲಾಸುಗಳು

ಡೊಂಬಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಎರಡನೆಯ ತಿರುವಿನಲ್ಲಿ ಸಿಗುತ್ತಿದ್ದ ಜಯವಿಲಾಸ ಹೋಟೆಲಿನ ಗಲ್ಲಾದಲ್ಲಿ ಹೆಂಗಸೊಬ್ಬಳು ಕೂರುತ್ತಾಳೆ ಎಂಬುದು ಎಪ್ಪತ್ತರ ದಶಕದಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ. ಕೆಲವರು ಚಹಾದ ನೆಪ ಮಾಡಿಕೊಂಡು ಅವಳನ್ನು ನೋಡಲೆಂದೇ ಬರುತ್ತಿದ್ದರು. ಜಯಲತಾ ಅವರನ್ನು ತಿರುಗಿ ನೋಡುತ್ತಿದ್ದಳು. ಮೊದಲು ಕಣ್ಣು ತಗ್ಗಿಸುತ್ತಿದ್ದವರು ಅವರೇ.

ಮದುವೆಯಾದ ಎರಡೇ ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ಅವಳು ಅಪ್ಪನ ಮನೆಗೆ ವಾಪಸಾಗಿದ್ದಳು. ಅಪ್ಪ ಸರ್ವೋತ್ತಮರು ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಬಂದು, ಠಾಣೆಯ ಯಾರದೋ ಹೋಟೆಲಿನಲ್ಲಿ ಗ್ಲಾಸು ತೊಳೆದು, ಮೇಜು ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಸ್ವಂತ ಹೋಟೆಲು ಹಾಕಿದವರು. ಅವರ ಬಲಭಾಗಕ್ಕೆ ಪಾರ್ಶ್ವವಾಯು ಬಡಿದಾಗ ಹೋಟೆಲು ಮುಚ್ಚುತ್ತದೆ ಎಂದೇ ಎಲ್ಲರೂ ತಿಳಿದರು. ಮರುದಿನ ಬೆಳಿಗ್ಗೆ ಜಯಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಲ್ಲಾಕ್ಕೆ ಬಂದು ಕೂತಳು. ಕೂತವಳು ಮತ್ತೆ ಏಳಲಿಲ್ಲ. ಗಿರಾಕಿ ಬಾಗಿಲಲ್ಲಿ ಕಾಲಿಟ್ಟೊಡನೆ ಅವನು ಜಗಳಗಂಟನೋ, ಉಪವಾಸವಿದ್ದವನೋ, ಸುಮ್ಮನೆ ಫ್ಯಾನಿನ ಗಾಳಿಗೆ ಬಂದವನೋ ಎಂದು ಹೇಳಿಬಿಡುತ್ತೇನೆ ಎಂಬ ಜಂಬ ಅವಳಿಗಿತ್ತು. ಜಂಬ ಪಡುವುದರಲ್ಲಿ ತಪ್ಪೇನಿಲ್ಲ, ಹತ್ತರಲ್ಲಿ ಒಂಬತ್ತು ಸಲ ಅವಳ ಮಾತು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯದೇ ಪುಂಡರೀಕಾಕ್ಷ.

ಎಪ್ಪತ್ತೊಂದರ ಯುದ್ಧ ಮುಗಿದು ವರ್ಷ ಎರಡಾಗಿತ್ತು. ಸೈನಿಕನೆಂದರೆ ಲೋಕಲ್ ಗಾಡಿಯಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದ ಕಾಲ. ಆಗ ಬಂದ ಈ ಸುಬೇದಾರ ಪುಂಡರೀಕಾಕ್ಷ: ಹುರಿಮಾಡಿದ ಮೀಸೆ, ಹಸಿರು ಟೊಪ್ಪಿ, ಎಡಗಾಲು ತುಸು ಎಳೆದು ನಡೆಯುವ ನಡಿಗೆ. ರಾಜಸ್ಥಾನದ ಮರಳಿನಲ್ಲಿ ಶೆಲ್ಲಿನ ಚೂರು ಹೊಕ್ಕಿತ್ತಂತೆ. ಪ್ಯಾಂಟಿನ ಅಂಚು ಮೇಲೆತ್ತಿ ಮೀನಖಂಡದ ಗಾಯದ ಗುರುತು ತೋರಿಸಿದರೆ ಪಕ್ಕದ ಚಾಳಿನ ವಠಾರದ ಹೆಂಗಸರು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಗಣೇಶೋತ್ಸವದವರು ಅವನಿಗೆ ಶಾಲು ಹೊದಿಸಿದರು. ಒಂದು ಫ್ಯಾಕ್ಟರಿಯವರು ಕರೆದು ಗೇಟಿನ ಮೇಲ್ವಿಚಾರಕನ ಕೆಲಸ ಕೊಟ್ಟರು. ಜಯವಿಲಾಸದಲ್ಲಿ ಅವನಿಗೆಂದು ಕಿಟಕಿ ಪಕ್ಕದ ಕುರ್ಚಿ ಖಾಯಂ ಆಯಿತು. ಸರ್ವೋತ್ತಮರು ತಮ್ಮ ಆರಾಮ ಕುರ್ಚಿಯನ್ನು ಅದರ ಹತ್ತಿರವೇ ಹಾಕಿಸಿಕೊಂಡು, ಅರ್ಧ ತೊದಲುವ ಬಾಯಲ್ಲಿ ಯುದ್ಧದ ಕತೆ ಕೇಳಿ ಕೇಳಿ ಹೇಳಿಸುತ್ತಿದ್ದರು.

ಆ ಕತೆಗಳಲ್ಲಿ ಒಂದು ಸೈದಪ್ಪನದು. ವಿಜಯಪುರ ಕಡೆಯ ಹುಡುಗ, ಫಿರಂಗಿ ದಳದಲ್ಲಿ ಜೊತೆಗಾರ, ಪುಂಡರೀಕಾಕ್ಷನ ತೊಡೆಯ ಮೇಲೆ ತಲೆಯಿಟ್ಟು, ಅವ್ವನಿಗೆ ಹೇಳು ಎನ್ನುತ್ತ ಪ್ರಾಣ ಬಿಟ್ಟವನು. ಜಯಲತಾಳ ತಂಗಿ ಸ್ವರ್ಣಲತಾ ಠಾಣೆಯ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಸಂಜೆ ಗಾಡಿ ಇಳಿದು ಬಂದವಳು ಆ ಕತೆ ಕೇಳಿ ಅಡುಗೆಮನೆಗೆ ಹೋಗಿ ಅತ್ತಳು. ಅಕ್ಕ ಅದನ್ನು ಕಂಡಳು. ಮದುವೆಯ ಮಾತು ಶುರುವಾದದ್ದು ಆ ಅಳುವಿನಿಂದಲೇ.

ಅದಕ್ಕೂ ಒಂದು ವರ್ಷ ಮೊದಲು ಸ್ವರ್ಣಲತಾಳನ್ನು ಕೇಳಿದವನು ಇನ್ನೊಬ್ಬನಿದ್ದ. ಹೋಟೆಲಿನ ಹಿರಿಯ ಸಪ್ಲಾಯರ್ ಚೆನ್ನಯ. ಅಕ್ಕತಂಗಿಯರ ಸೋದರಮಾವ ಮುಂಡಪ್ಪಣ್ಣನ ಮೂಲಕ ಹೆದರಿ ಹೆದರಿ ಕೇಳಿಸಿದ್ದ. ಜಯಲತಾ ಒಂದೇ ಮಾತಿನಲ್ಲಿ ಮುಗಿಸಿದ್ದಳು: “ಹೋಟೆಲಿನವನಿಗೇ ಕೊಟ್ರೆ ನಾವು ಮೇಲೆ ಬರುವುದು ಯಾವಾಗ ಮಾವ?” ಚೆನ್ನಯ ಮರುದಿನವೂ ಎಂದಿನಂತೆ ಕೆಲಸಕ್ಕೆ ಬಂದ. ಆ ವಿಷಯ ಅವನು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ನಿಶ್ಚಿತಾರ್ಥ ಮೇ ತಿಂಗಳಿಗೆ ಗೊತ್ತಾಯಿತು. ಊರ ಕಡೆಯ ಪದ್ಧತಿ ಪ್ರಕಾರ ಎರಡೂ ಕಡೆಯ ಹಿರಿಯರು ತಾಂಬೂಲದ ಹರಿವಾಣ ಬದಲಾಯಿಸಿಕೊಂಡರೆ ಮಾತು ಮುಗಿಯಿತು, ಮತ್ತೆ ಹಿಂತೆಗೆಯುವಂತಿಲ್ಲ. ಹೋಟೆಲಿಗೆ ಒಂದು ದಿನ ರಜೆ ಕೊಟ್ಟು ಅಲ್ಲೇ ಕಾರ್ಯ ಎಂದು ನಿಶ್ಚಯವಾಯಿತು. ಅಷ್ಟರಲ್ಲಿ ರೈಲಿನವರ ಮುಷ್ಕರ ಶುರುವಾಯಿತು. ಸಪ್ಲಾಯರ್‌ಗಳೆಲ್ಲ ಖೋಲಿ ಮಾಡಿಕೊಂಡಿದ್ದದ್ದು ಮುಂಬ್ರಾದಲ್ಲಿ. ಗಾಡಿಯಿಲ್ಲದೆ ಬರುವುದು ಹೇಗೆ? ಮುಂದಕ್ಕೆ ಹಾಕೋಣವೇ ಎಂದರೆ ಸರ್ವೋತ್ತಮರು ಎಡಗೈ ಜೋರಾಗಿ ಅಲ್ಲಾಡಿಸಿದರು. ಗ್ಲಾಸು ತೊಳೆದವನ ಮನೆಗೆ ಸುಬೇದಾರ ಅಳಿಯನಾಗಿ ಬರುವ ದಿನವನ್ನು ರೈಲಿಗೋಸ್ಕರ ಬಿಡುವ ಆಸಾಮಿ ಅವರಲ್ಲ.

ಆ ದಿನ ಅಡುಗೆಗೆ ಭಟ್ಟರಿದ್ದರು, ಬಡಿಸಲು ಯಾರೂ ಇರಲಿಲ್ಲ. ಡೊಂಬಿವಲಿಯ ನೆಂಟರು, ಚಾಳಿನವರು, ಆಫೀಸಿನವರು ಎಲ್ಲ ಬಂದು ಮೇಜುಗಳ ಸುತ್ತ ತುಂಬಿಕೊಂಡರು. ಮೇ ಬಿಸಿಲು, ಸಾಲದ್ದಕ್ಕೆ ಕರೆಂಟೂ ಕೈಕೊಟ್ಟಿತ್ತು. ಮದುಮಗ ಟೊಪ್ಪಿ ಹಾಕಿಕೊಂಡು, ಗಲ್ಲಾದ ಪಕ್ಕ ಹಾಸಿದ ಜಮಖಾನೆಯ ಮೇಲೆ ಗಂಭೀರವಾಗಿ ಕೂತಿದ್ದ. ಜಯಲತಾ ವೀಳ್ಯದೆಲೆ ಒರೆಸಿ ಹರಿವಾಣದಲ್ಲಿ ಜೋಡಿಸುತ್ತಿದ್ದಳು.

ಮುಂಡಪ್ಪಣ್ಣ ಸಿಟ್ಟಿನ ಮನುಷ್ಯ. ಬಾಯಾರಿ ಬಾಯಾರಿ ಸಾಕಾಗಿ ಮೇಜಿಗೆ ಅಂಗೈಯಿಂದ ಎರಡು ಸಲ ಬಡಿದ. “ಏ, ನೀರು ತಾರೋ ಇಲ್ಲಿ! ಐದು ಜನ ಉಂಟು!”

“ಆಯಾ ಸೇಟ್!”

ಬಂದೆ ಧಣಿ ಎಂದು ಹಿಂದಿಯಲ್ಲಿ ಹಾಗೆ ಕೂಗಿದವನು ಮದುಮಗ. ಕೂಗುವ ಮೊದಲೇ ಎದ್ದಾಗಿತ್ತು. ಮೂಲೆಯ ಮೇಜಿನ ಮೇಲೆ ತುಂಬಿಸಿಟ್ಟ ಗ್ಲಾಸುಗಳಿಗೆ ಬಲಗೈಯ ಐದೂ ಬೆರಳನ್ನು ಅದ್ದಿ, ಐದನ್ನೂ ಒಟ್ಟಿಗೆ ಹಿಡಿದೆತ್ತಿದ. ಎಡಗೈ ತಾನಾಗಿ ಹೆಗಲಿಗೆ ಹೋಗಿ ಅಲ್ಲಿಲ್ಲದ ಬಟ್ಟೆಯನ್ನು ಹುಡುಕಿತು. ಇಕ್ಕಟ್ಟಾದ ಕುರ್ಚಿಗಳ ನಡುವೆ ಸೊಂಟ ಓರೆ ಮಾಡಿ, ಒಂದು ಹನಿ ಚೆಲ್ಲದೆ ನುಸುಳಿ ಹೋಗಿ, ಟಕ ಟಕ ಟಕ ಎಂದು ಐದು ಜನರ ಮುಂದೆ ಇಟ್ಟ. ಎಡಗಾಲು ಎಲ್ಲೂ ಎಳೆಯಲಿಲ್ಲ.

“ಎಂಥ ವಿನಯ ನೋಡಿ! ಇದೇ ಮಿಲಿಟ್ರಿ ಶಿಸ್ತು!” ಎಂದು ಆಫೀಸಿನವರೊಬ್ಬರು ಚಪ್ಪಾಳೆ ತಟ್ಟಿದರು. ಮಿಕ್ಕವರೂ ತಟ್ಟಿದರು. ಪುಂಡರೀಕಾಕ್ಷ ತನ್ನ ಒದ್ದೆ ಬೆರಳು ನೋಡಿಕೊಂಡ, ಟೊಪ್ಪಿ ಸರಿ ಮಾಡಿಕೊಂಡ, ಎಡಗಾಲು ಎಳೆಯುತ್ತ ಜಮಖಾನೆಗೆ ಹಿಂತಿರುಗಿದ.

ಚಪ್ಪಾಳೆ ತಟ್ಟದವರು ಇಬ್ಬರೇ. ಜಯಲತಾ ಅಪ್ಪನನ್ನು ನೋಡಿದಳು. ಸರ್ವೋತ್ತಮರ ನೆಟ್ಟಗಿದ್ದ ಅರ್ಧ ಮುಖವೂ ಬಾಡಿಹೋಗಿತ್ತು. ಬೆರಳು ಅದ್ದಿ ಗ್ಲಾಸು ಎತ್ತುವುದು ಯಾವ ಪಲ್ಟಣಿನಲ್ಲೂ ಕಲಿಸುವ ವಿದ್ಯೆಯಲ್ಲ. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ, ಸೇಟನ ಬೈಗುಳ ತಿನ್ನುತ್ತ, ವರ್ಷಗಟ್ಟಲೆ ಸಪ್ಲಾಯರ್ ಆಗಿ ದುಡಿದವನ ಕೈಗೆ ಮಾತ್ರ ಅದು ಬರುತ್ತದೆ. ಅಪ್ಪನ ಕೈಯಲ್ಲಿ ಅದನ್ನು ನೋಡುತ್ತಲೇ ಅವಳು ಬೆಳೆದಿದ್ದಳು.

ಮೋಸ ಹೋದೆನಲ್ಲ ಎಂಬ ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು. ಗಂಡಿನ ಕಡೆಗೆ ಹಿರಿಯರಾಗಿ ನಿಂತಿದ್ದ ಗಣೇಶೋತ್ಸವದವರು ಹರಿವಾಣಕ್ಕೆ ಕೈ ಚಾಚಿದರು. ಅವಳು ಅದನ್ನು ಗಲ್ಲಾದ ಒಳಗಿಟ್ಟು ಮುಚ್ಚಳ ಹಾಕಿದಳು. “ಸ್ವಲ್ಪ ತಡೀರಿ. ಸುಬೇದಾರ್ರೇ, ಅಡುಗೆಮನೆಗೆ ಬನ್ನಿ.”

ಒಲೆಯ ಪಕ್ಕ ನಿಂತು ಅವಳು ಸುತ್ತುಬಳಸದೆ ಕೇಳಿದಳು. “ಯಾವ ಹೋಟೆಲು?”

“ಎಂತ ಹೋಟೆಲು ಅಕ್ಕಾ?”

“ನಾನು ಹೋಟೆಲಿನವನ ಮಗಳು ಮಾರಾಯರೆ. ಕೈ ನೋಡಿದ್ದೇನೆ. ಯಾವ ಹೋಟೆಲು?”

ಭಟ್ಟರು ಸಾಂಬಾರು ಕದಡುವುದನ್ನು ನಿಲ್ಲಿಸಿದರು. ಪುಂಡರೀಕಾಕ್ಷ ಗೋಡೆಗೆ ಒರಗಿದ. “ದೇವಳಾಲಿಯಲ್ಲಿ. ಕಂಟೋನ್ಮೆಂಟಿನ ಗೇಟಿನ ಎದುರು. ಫಿರಂಗಿ ದಳದವರೆಲ್ಲ ಅಲ್ಲೇ ತಿಂಡಿಗೆ ಬರ್ತಿದ್ರು. ಅವರು ಹೇಳಿದ್ದನ್ನೆಲ್ಲ ಕೇಳ್ತಿದ್ದೆ.”

“ಟೊಪ್ಪಿ?”

“ಯಾರೋ ಬೆಂಚಿನ ಮೇಲೆ ಬಿಟ್ಟು ಹೋದದ್ದು.”

“ಕಾಲಿನ ಗಾಯ?”

ಅವನು ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿದ. “ಸಾಂಬಾರು ಚೆಲ್ಲಿದ್ದು.”

ಬೇರೆ ದಿನವಾಗಿದ್ದರೆ ಜಯಲತಾ ನಕ್ಕುಬಿಡುತ್ತಿದ್ದಳು. “ನನ್ನ ಅಪ್ಪ ಜೀವಮಾನವಿಡೀ ಎತ್ತಿದ್ದು ಅದೇ ಗ್ಲಾಸು. ನಿಮಗೆ ಅದು ಮುಚ್ಚಿಡುವಷ್ಟು ನಾಚಿಕೆಯಾ? ಹೋಟೆಲಿನವ ಅಂತಲೇ ಹೇಳಿ ಬರ್ಲಿಕ್ಕೆ ಏನಾಗಿತ್ತು?”

“ಬಂದಿದ್ರೆ ಕೊಡ್ತಿದ್ರಾ ತಂಗಿಯನ್ನು?”

ಹೋಟೆಲಿನವನಿಗೇ ಕೊಟ್ಟರೆ ಎಂದು ತಾನಂದ ಮಾತು, ಮರುದಿನ ಮೇಜು ಒರೆಸುತ್ತಿದ್ದ ಚೆನ್ನಯನ ತಗ್ಗಿದ ತಲೆ, ಎರಡೂ ನೆನಪಾಗಿ ಜಯಲತಾಳನ್ನು ಚುಚ್ಚಿದವು. ಸುಳ್ಳುಗಾರನ ಎದುರು ತಾನೂ ಸುಳ್ಳು ಹೇಳುವುದು ಅವಳಿಂದ ಆಗದ ಕೆಲಸ.

“ಇಲ್ಲ, ಕೊಡ್ತಿರ್ಲಿಲ್ಲ,” ಎಂದಳು. “ಅದು ನಮ್ಮ ಕೊಬ್ಬು. ಅದನ್ನು ನಾವು ಇಳಿಸ್ಕೊಳ್ತೇವೆ. ಸುಳ್ಳು ನಿಮ್ಮದು. ಹೊರಗೆ ಬಂದು ನೀವೇ ಹೇಳ್ಬೇಕು. ನಾನು ಹೇಳಿದ್ರೆ ಮುಂಡಪ್ಪ ಮಾವನ ಕೈ ಸುಮ್ಮನಿರುವುದಿಲ್ಲ.”

ಅವನು ಹೊರಗೆ ಬಂದು, ಟೊಪ್ಪಿ ತೆಗೆದು, ನಾನು ಮಿಲಿಟ್ರಿಯಲ್ಲಿ ಇದ್ದವನಲ್ಲ, ಹೋಟೆಲ್ ಸಪ್ಲಾಯರ್ ಆಗಿದ್ದವ ಎಂದು ಹೇಳಿದ. ಚಪ್ಪಾಳೆ ತಟ್ಟಿದ್ದವರು ತಮ್ಮ ಕೈಗಳನ್ನು ಮೇಜಿನ ಕೆಳಗೆ ಇಳಿಸಿದರು. ಮುಂಡಪ್ಪಣ್ಣ ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟ. ಸರ್ವೋತ್ತಮರು ಎಡಗೈ ಎತ್ತಿ ಅವನನ್ನು ಕೂರಿಸಿದರು.

ಮಾತಾಡಿದವಳು ಸ್ವರ್ಣಲತಾ. ಹೊಸ ಸೀರೆಯ ನೆರಿಗೆ ಹಿಡಿದುಕೊಂಡು ಅವನ ಎದುರಿಗೇ ಬಂದು ನಿಂತಳು. “ಸೈದಪ್ಪ ಅಂತ ಒಬ್ಬ ಇದ್ದದ್ದಾದರೂ ನಿಜವಾ?”

“ನಿಜ. ಅವನ ಜೊತೆಯವನೇ ಹೇಳಿ ಅತ್ತಿದ್ದ, ನಮ್ಮ ಹೋಟೆಲಿನಲ್ಲಿ. ತೊಡೆ ಮಾತ್ರ ನನ್ನದಲ್ಲ.”

“ನೀವು ಯಾವ ಕೆಲಸ ಮಾಡಿದ್ರೂ ನನಗೆ ಚಿಂತೆ ಇರ್ಲಿಲ್ಲ,” ಎಂದಳು ಅವಳು. “ಸತ್ತವನನ್ನು ಎತ್ತಿಕೊಂಡು ಬಂದು ನನ್ನನ್ನು ಅಳಿಸಿದ್ರಲ್ಲ, ಅದಕ್ಕೆ ಕ್ಷಮೆ ಇಲ್ಲ. ಹೋಗಿ.”

ಊಟ ಮಾಡಿ ಹೋಗಲಿ ಎಂದು ಸರ್ವೋತ್ತಮರು ತೊದಲಿದರು. ಹಸಿದವನನ್ನು ಆ ಬಾಗಿಲಿಂದ ಅವರು ಯಾವತ್ತೂ ಕಳಿಸಿದವರಲ್ಲ. ಪುಂಡರೀಕಾಕ್ಷ ಅವರ ಕಾಲು ಮುಟ್ಟಿದ, ಟೊಪ್ಪಿಯನ್ನು ಮಡಚಿ ಜೇಬಿಗೆ ಹಾಕಿದ, ಉಣ್ಣದೆ ಮೆಟ್ಟಿಲು ಇಳಿದು ಹೋದ. ಎರಡೂ ಕಾಲು ಸರಿಯಾಗಿ ಊರಿಕೊಂಡೇ ನಡೆದ.

ನೆಂಟರು ಎದ್ದು ಹೋಗುವುದೋ ಕೂರುವುದೋ ತಿಳಿಯದೆ ಪಿಸುಗುಡುತ್ತಿದ್ದರು. ಜಯಲತಾ ಸೆರಗು ಸಿಕ್ಕಿಸಿದಳು. “ಯಾರೂ ಏಳ್ಬೇಡಿ. ಅಡುಗೆ ಆಗಿದೆ, ಎಲೆ ಹಾಕ್ತೇನೆ. ನನ್ನ ತಂಗಿ ಬಚಾವಾದ ದಿನ, ಉಪವಾಸ ಹೋಗುವುದು ಎಂತಕ್ಕೆ?” ಎಂದು ಗಟ್ಟಿಯಾಗಿ ಹೇಳಿದಳು. ಮೊದಲು ನಕ್ಕವನು ಮುಂಡಪ್ಪಣ್ಣನೇ. ಆಮೇಲೆ ಜನ ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡರು.

ಅವಳು ಮೊದಲ ಸಾಲಿಗೆ ಅನ್ನ ಹಾಕುತ್ತಿದ್ದಾಗ ಬಾಗಿಲಲ್ಲಿ ಚೆನ್ನಯ ಕಾಣಿಸಿಕೊಂಡ. ಅಂಗಿ ಬೆನ್ನಿಗೆ ಅಂಟಿತ್ತು, ಚಪ್ಪಲಿ ಕಿತ್ತು ಕೈಗೆ ಬಂದಿತ್ತು. ಮುಂಬ್ರಾದಿಂದ ಹಳಿಯ ಮೇಲೆಯೇ ನಡೆದು ಬಂದಿದ್ದ. ತಾನು ಕೇಳಿ ಸಿಗದ ಹುಡುಗಿಯ ನಿಶ್ಚಿತಾರ್ಥಕ್ಕೆ, ಬಡಿಸುವವರಿಲ್ಲದೆ ಹೋಟೆಲಿನ ಮಾನ ಹೋಗಬಾರದು ಎಂದು. “ತಡ ಆಯ್ತು ಅಕ್ಕಾ,” ಎಂದವನೇ ಮೂಲೆಯ ಗ್ಲಾಸುಗಳ ಕಡೆ ಹೊರಟ.

“ಚೆನ್ನಯ, ಅದನ್ನು ಮುಟ್ಟಬೇಡ,” ಎಂದಳು ಜಯಲತಾ. “ಮೊದಲು ಕೂತ್ಕೋ.”

ಆ ಹೋಟೆಲಿನ ಕುರ್ಚಿಯಲ್ಲಿ ಅವನು ಯಾವತ್ತೂ ಕೂತವನಲ್ಲ. ಕಿಟಕಿ ಪಕ್ಕದ್ದು ಖಾಲಿಯಿತ್ತು. ಸರ್ವೋತ್ತಮರು ಅದನ್ನೇ ತೋರಿಸಿದರು. ಅವನು ಅಂಚಿನಲ್ಲಿ ಕೂತು ಸುತ್ತ ನೋಡಿದ. ಸ್ವರ್ಣಲತಾ ಒಂದು ಗ್ಲಾಸು ನೀರನ್ನು ಎರಡೂ ಕೈಯಲ್ಲಿ ತಂದು ಅವನ ಮುಂದೆ ಇಟ್ಟಳು. ಅವನಿಗೆ ಅದನ್ನು ಎತ್ತಲು ಧೈರ್ಯ ಬರಲಿಲ್ಲ.

“ಸುಬೇದಾರರು ಎಲ್ಲಿ ಅಕ್ಕಾ?”

“ಇಲ್ಲಿಗೆ ಯಾವ ಸುಬೇದಾರರೂ ಬಂದಿರ್ಲಿಲ್ಲ,” ಎಂದಳು ಜಯಲತಾ. “ನೀನು ನೀರು ಕುಡಿ.”