ಭಾವ ಹೊಡೆದ ಶೆಲ್ಫು

ಆ ಶನಿವಾರ ಬೆಳಿಗ್ಗೆಯೂ ಹಾಲು ಕಾಯಿಸಿ, ಅತ್ತೆಗೆ ಸಕ್ಕರೆ ಕಡಿಮೆ ಕಾಫಿ ಕೊಟ್ಟು, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಆಮೇಲೆ ಸೆರಗು ಸಿಕ್ಕಿಸಿ ಅಡುಗೆಮನೆಯ ಗೋಡೆಗಳನ್ನು ಬೆರಳಗೆಣ್ಣಿನಿಂದ ತಟ್ಟತೊಡಗಿದೆ.

ಮೂರು ವಾರದ ಹಿಂದೆ ಅಲ್ಲಿದ್ದ ಶೆಲ್ಫು ಕಿತ್ತುಬಿದ್ದು, ಅಮ್ಮ ನನಗೆ ಕೊಟ್ಟಿದ್ದ ಪಿಂಗಾಣಿ ಟೀ ಸೆಟ್ಟು ಚೂರಾಗಿತ್ತು. ಆ ಶೆಲ್ಫನ್ನು ಗೋಡೆಗೆ ಹೊಡೆದುಕೊಟ್ಟವರು ಮೇಲಿನ ಮನೆಯಲ್ಲಿರುವ ಭಾವ, ನನ್ನ ಗಂಡನ ಅಣ್ಣ. ವಿಜಯನಗರದ ನಮ್ಮ ಬೀದಿಯಲ್ಲಿ ಯಾರ ಮನೆಗೆ ಕರ್ಟನ್ ರಾಡು ಬೇಕಾದರೂ ಡ್ರಿಲ್ ಹಿಡಿದು ಹೊರಟುಬಿಡುತ್ತಾರೆ. ನಾನು ಚೂರು ಗುಡಿಸುತ್ತಿದ್ದರೆ ಪಕ್ಕದಲ್ಲೇ ನಿಂತು, "ಕಂಡಿದ್ದೆಲ್ಲ ತುಂಬಿದ್ರೆ ಬೀಳ್ದೆ ಇನ್ನೇನಾಗುತ್ತೆ? ಕಾನ್ವೆಂಟಲ್ಲಿ ಇದನ್ನ ಹೇಳ್ಕೊಡ್ಲಿಲ್ವೇನಮ್ಮ?" ಅಂದರು. ಅತ್ತೆ ಹೂಂಗುಟ್ಟಿದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕ್ಷಮಿಸುವುದನ್ನು ಹೇಳಿಕೊಟ್ಟಿದ್ದರು. ನಾನು ಕ್ಷಮಿಸಲಿಲ್ಲ. ಭಾವ ಹೋದ ಮೇಲೆ ಗೋಡೆಯ ತೂತುಗಳಿಗೆ ಟಾರ್ಚ್ ಬಿಟ್ಟು ನೋಡಿದೆ. ಟೊಳ್ಳು ಬ್ಲಾಕಿನ ಗೋಡೆ. ಸ್ಕ್ರೂ ಹಿಡಿಯಲೆಂದು ತೂತಿಗೆ ಹಾಕುವ ಪ್ಲಾಸ್ಟಿಕ್ ಗಿಟ್ಟಿ ಕಚ್ಚಿಕೊಳ್ಳದೆ ಸಡಿಲವಾಗಿದ್ದಕ್ಕೆ ಸುತ್ತಲೂ ಬೆಂಕಿಕಡ್ಡಿ ತುರುಕಿದ್ದರು. ಒಂದು ಕಡ್ಡಿಯ ಮದ್ದೂ ಹಾಗೇ ಇತ್ತು.

ಈ ಶನಿವಾರ ತಟ್ಟಿದರೆ ಹೊಸದಾಗಿ ಕಟ್ಟಿದ ಆ ಗೋಡೆ ಡಬ್ ಡಬ್ ಅನ್ನುತ್ತಿತ್ತು. ಎದುರಿನ ಹಳೇ ಗೋಡೆಯದು ಗಟ್ಟಿ ದನಿ. ಹತ್ತು ಗಂಟೆಗೆ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಗೋಡೆ ಯಾವ್ದು ಮೇಡಮ್? ಮೊದ್ಲು ಅದು ಹೇಳಿ," ಅಂದರು ಅಂಗಡಿಯವರು.

"ಹಳೇ ಇಟ್ಟಿಗೆ."

"ಹಂಗಾದ್ರೆ ಇದು ತಗೊಳ್ಳಿ. ಗಿಟ್ಟಿ ಬೇಡ, ಸ್ಕ್ರೂನೇ ಗೋಡೇನ ಕೊರ್ಕೊಂಡು ಕೂರುತ್ತೆ. ತೂತು ಸ್ಕ್ರೂಗಿಂತ ಸಣ್ಣ ಇರ್ಲಿ, ಆಳ ಸ್ವಲ್ಪ ಜಾಸ್ತಿ. ಧೂಳು ಪೂರ್ತಿ ತೆಗೀರಿ. ಬಿಗಿ ಆದ್ಮೇಲೆ ಇನ್ನೊಂದ್ ಸುತ್ತು ಅಂತ ಆಸೆ ಪಡ್ಬೇಡಿ, ಇಟ್ಟಿಗೆ ಪುಡಿಯಾಗುತ್ತೆ."

ಡ್ರಿಲ್ಲನ್ನು ಬೇಕಂತಲೇ ಭಾವನ ಹತ್ತಿರವೇ ಕೇಳಿದೆ. "ಬೆರಳು ಹುಷಾರಮ್ಮ," ಎಂದು ನಗುತ್ತಾ ಕೊಟ್ಟರು. ರಾಹುಕಾಲ ಮುಗಿಯಲಿ ಎಂದು ಅತ್ತೆ ಹತ್ತೂವರೆಯವರೆಗೆ ಕೂರಿಸಿದರು.

ಮೊದಲ ತೂತಿನಿಂದ ಬೂದು ಪುಡಿ ಉದುರಿತು. ಎರಡು ಇಟ್ಟಿಗೆಗಳ ನಡುವಿನ ಸಿಮೆಂಟು. ಎರಡಿಂಚು ಕೆಳಗೆ ಹೋದೆ. ಈಗ ಕೆಂಪು ಪುಡಿ, ಕುಂಕುಮದಷ್ಟು ನುಣ್ಣಗೆ. ಮಗಳ ಸೈಕಲ್ ಪಂಪಿನಿಂದ ಊದಿ ಊದಿ ತೂತು ಸ್ವಚ್ಛ ಮಾಡಿದೆ. ಸ್ಕ್ರೂ ಕೊನೆಯ ಸುತ್ತಿಗೆ ಬಂದಾಗ ಕಿರ್ರೆಂದಿತು. ಭಾವನ ಕಿವಿ ಹಿಂಡಿದಷ್ಟು ಸಂತೋಷವಾಯಿತು.

ಊಟವಾದ ಮೇಲೆ ಅವರನ್ನು ಕರೆದೆ. "ಭಾವ, ಈ ಅಕ್ಕಿ ಮೂಟೆ ನೀವೇ ಇಡಿ ಹೊಸ ಶೆಲ್ಫಿನ ಮೇಲೆ."

ಇಪ್ಪತ್ತೈದು ಕೆ.ಜಿ. ಮೂಟೆ. ಇಟ್ಟರು. ಇಟ್ಟು, ಕೈ ಕೆಳಗೇ ಹಿಡಿದುಕೊಂಡು ನಿಂತರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಕೊನೆಗೆ ಅವರೇ ಕೈ ತೆಗೆದರು.

"ಇಟ್ಟಿಗೆ ಗೋಡೆ, ಯಾರು ಹೊಡೆದ್ರೂ ನಿಲ್ಲುತ್ತೆ ಬಿಡು."

"ನೀನು ಅಷ್ಟು ತುಂಬ್ದೆ ಇದ್ದಿದ್ರೆ ಅವ್ನು ಹೊಡೆದಿದ್ದೂ ನಿಲ್ತಿತ್ತು ಕಣೇ," ಅಂದರು ಅತ್ತೆ.

ಮೂಟೆ ನಿಂತಿತ್ತು, ತಪ್ಪು ಮಾತ್ರ ನನ್ನ ತಲೆಯ ಮೇಲೇ ಉಳಿದಿತ್ತು. ಮಧ್ಯಾಹ್ನವೆಲ್ಲ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಸಂಜೆ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಭಾವ ನಡುಮನೆಯಲ್ಲಿ ಕೂತು ಡ್ರಿಲ್ಲಿನ ವೈರು ಸುತ್ತುತ್ತಿದ್ದರು.

"ಹೊಸ ಶೆಲ್ಫಾ?" ಎಂದು ಆಕೆ ಬಟ್ಟಲು ಚಾಚಿದರು. "ನಮ್ಮನೇಲೂ ನಿಮ್ ಭಾವ ಒಂದು ಹಾಕ್ಕೊಟ್ಟಿದ್ರಲ್ಲ, ಇನ್ನೂ ಏನೂ ಇಟ್ಟೇ ಇರ್ಲಿಲ್ಲ, ಖಾಲಿ ಇದ್ದಾಗ್ಲೇ ಬಿದ್ದೋಯ್ತು. ಸಾಕು ಸಾಕು ಕಣ್ರೀ, ಹೆಪ್ಪು ಒಂದು ಚಮಚ ಸಾಕು."